ಸೈಕಲ್ ಪಥ ಕಡಿದುಹೋಗುವುದೆಲ್ಲಿ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಒಂದು ಪ್ರಯೋಗ ನಡೆಯಿತು. ಕೋವಿಡ್ ಲಾಕ್‌ಡೌನ್ ಆಗಷ್ಟೇ ಸಡಿಲಗೊಂಡಿತ್ತು. ಬಸ್ ಹತ್ತಲು ಜನ ಹೆದರುತ್ತಿದ್ದರು, ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಸೈಕಲ್‌ಗಳು ಮತ್ತೆ ಬೀದಿಗೆ ಬಂದಿದ್ದವು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ‘ಇಂಡಿಯಾ ಸೈಕಲ್ಸ್ ಫಾರ್ ಚೇಂಜ್’ ಎಂಬ ಹೆಸರಿನಲ್ಲಿ ನಗರಗಳ ನಡುವೆ ಸ್ಪರ್ಧೆಯೊಂದನ್ನು ಏರ್ಪಡಿಸಿತ್ತು. ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ಅದನ್ನು ಕೈಗೆತ್ತಿಕೊಂಡು, ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿ.ಮೀ. ಉದ್ದದ ತಾತ್ಕಾಲಿಕ ಸೈಕಲ್ ಪಥ ಮಾಡಲು ಹೊರಟಿತು. ನೆಲಕ್ಕೆ ಗೆರೆ ಎಳೆದು, ಬೊಲ್ಲಾರ್ಡ್ (ಗಿಡ್ಡ ತಡೆಗಂಬ) ನೆಟ್ಟು, ದೇಶದ ಅತಿ ದಟ್ಟಣೆಯ ರಸ್ತೆಗಳಲ್ಲೊಂದರ ಒಂದು ಅಂಚನ್ನು ಸೈಕಲ್ ತುಳಿಯುವವರಿಗೆ ಬಿಟ್ಟುಕೊಟ್ಟ ದಿಟ್ಟ ಹೆಜ್ಜೆ ಅದು.

ಪಥ ಹೆಚ್ಚು ಕಾಲ ಬಾಳಲಿಲ್ಲ. ಬೊಲ್ಲಾರ್ಡ್‌ಗಳ ಸಂದಿಯಲ್ಲಿ ಸ್ಕೂಟರ್, ಬೈಕ್‌ಗಳು ನುಗ್ಗಿದವು. ಬೊಲ್ಲಾರ್ಡ್‌ಗಳು ಒಂದೊಂದಾಗಿ ಮುರಿದವು. ಆಮೇಲೆ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಕಾಮಗಾರಿಗೆ ರಸ್ತೆಯ ಜಾಗವೇ ಬೇಕಾಯಿತು. ಇದೇ ರಸ್ತೆಯಲ್ಲಿ 2019ರ ಅಕ್ಟೋಬರ್‌ನಲ್ಲಿ ಬಿಎಂಟಿಸಿ ಬಸ್ಸುಗಳಿಗೆಂದು ಮೀಸಲಿಟ್ಟಿದ್ದ ಪಥಕ್ಕೂ ಅದೇ ಗತಿಯಾಯಿತು.

ಮೆಟ್ರೊ ಕಂಬಗಳ ಕೆಳಗಿನ ಈ ರಸ್ತೆಯನ್ನು ಹೇಗೂ ಹೊಸದಾಗಿ ಕಟ್ಟಬೇಕು. ಆಗ ಸೈಕಲ್ಲಿಗೆ ಜಾಗ ಎಲ್ಲಿ, ಎಂಥ ಜಾಗ ಎಂಬ ಪ್ರಶ್ನೆ ಮತ್ತೆ ಎದುರಾಗುತ್ತದೆ. ‘ಇಷ್ಟು ಕಿಲೋಮೀಟರ್ ಸೈಕಲ್ ಪಥ’ ಎಂದು ಉದ್ದ ಹೇಳಿ ಚಪ್ಪಾಳೆ ಗಿಟ್ಟಿಸುವ ಅಭ್ಯಾಸವನ್ನು ಈ ಸಲವಾದರೂ ಬಿಡಬೇಕು. ಕೇಳಬೇಕಾದದ್ದು, ಪಥ ಎಲ್ಲೆಲ್ಲಿ ಕಡಿದುಹೋಗುತ್ತದೆ ಎಂದು. ಕಾಲುವೆ ನಡುವೆ ಒಂದೇ ಕಡೆ ಒಡೆದರೂ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಸೈಕಲ್ ಪಥದ ಲೆಕ್ಕವೂ ಅದೇ. ಹದಿನಾರು ಕಿಲೋಮೀಟರ್ ಸುರಕ್ಷಿತವಾಗಿದ್ದು, ಉಳಿದ ಒಂದು ಕಿಲೋಮೀಟರಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಬೇಕಾದರೆ ತಾಯಿ ಮಗಳ ಕೈಗೆ ಸೈಕಲ್ ಕೊಡುವುದಿಲ್ಲ.

ಯಾರ ಪಥ ಇದು?

ಸೈಕಲ್ ಪಥವೆಂದರೆ ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ದುಬಾರಿ ಸೈಕಲ್ ಏರುವವರಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 2011ರ ಜನಗಣತಿ ಬೇರೆಯದೇ ಚಿತ್ರ ಕೊಡುತ್ತದೆ. ದೇಶದ ಕೃಷಿಯೇತರ ಕೆಲಸಗಾರರಲ್ಲಿ ಸುಮಾರು ಶೇ 13ರಷ್ಟು ಮಂದಿ ಆಗ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಇವತ್ತಿಗೂ ಬೆಳಗಿನ ಐದೂವರೆಗೆ ಇಬ್ಬಲೂರು ಅಥವಾ ಮಾರತಹಳ್ಳಿಯಲ್ಲಿ ನಿಂತರೆ ಹಾಲು ಹಾಕುವವರು, ಪೇಪರ್ ಹುಡುಗರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್‌ಗಳು, ಬುತ್ತಿ ಕಟ್ಟಿಕೊಂಡು ಹೊರಟ ಗಾರೆ ಕೆಲಸದವರು ಕಾಣುತ್ತಾರೆ. ಸೈಕಲ್ ಅವರಿಗೆ ಹವ್ಯಾಸವಲ್ಲ, ಬಸ್ ಚಾರ್ಜ್ ಉಳಿಸುವ ದಾರಿ.

ಯೋಜನೆ ಶುರುವಾಗುವುದು ಎಣಿಕೆಯಿಂದ. ವಾಹನ ಎಣಿಕೆಯನ್ನು ಆಫೀಸ್ ಹೊತ್ತಿನಲ್ಲಿ ಮಾತ್ರ ಮಾಡಿದರೆ ಈ ಜನ ಲೆಕ್ಕಕ್ಕೇ ಸಿಗುವುದಿಲ್ಲ. ‘ಇಲ್ಲಿ ಸೈಕಲ್ ತುಳಿಯುವವರೇ ಇಲ್ಲ, ಪಥ ಯಾಕೆ’ ಎಂಬ ವಾದ ಹುಟ್ಟುವುದು ಅಲ್ಲಿಂದ. ಹೊಳೆ ಈಜಿ ದಾಟುವವರನ್ನು ಎಣಿಸಿ ಸೇತುವೆ ಬೇಕೋ ಬೇಡವೋ ಎಂದು ಯಾರೂ ತೀರ್ಮಾನಿಸುವುದಿಲ್ಲ. ಇರುವವರನ್ನು ಸರಿಯಾದ ಹೊತ್ತಿನಲ್ಲಿ ಎಣಿಸಬೇಕು. ಭಯದಿಂದ ಸೈಕಲ್ ಬಿಟ್ಟವರನ್ನೂ, ಹೆಣ್ಣುಮಕ್ಕಳನ್ನೂ, ಶಾಲಾ ಮಕ್ಕಳನ್ನೂ ಕರೆದು ಕೇಳಬೇಕು.

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಹೈಸ್ಕೂಲು ದೂರವೆಂಬ ಅಡ್ಡಿಯನ್ನು ಆ ಸೈಕಲ್ ಎಷ್ಟೋ ಹಳ್ಳಿಗಳಲ್ಲಿ ತೆಗೆದುಹಾಕಿತು. ಅಂದು ಸೈಕಲ್ ಕಲಿತ ಎಷ್ಟೋ ಮಂದಿ ಇಂದು ಇದೇ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ತುಳಿಯಲು ಬರುತ್ತದೆ. ತುಳಿಯುವ ಜಾಗವನ್ನು ಮಾತ್ರ ನಗರ ಕೊಟ್ಟಿಲ್ಲ.

ಬಣ್ಣ ಬಳಿದರೆ ಸಾಲದು

ಜಯನಗರದಲ್ಲಿ 2012ರ ಹೊತ್ತಿಗೆ ಸೈಕಲ್ ಪಥಗಳ ಜಾಲವೊಂದನ್ನು ಮಾಡಲಾಗಿತ್ತು. ರಸ್ತೆ ಬದಿಯಲ್ಲಿ ಗೆರೆ, ಫಲಕ ಎಲ್ಲವೂ ಇದ್ದವು. ಸ್ವಲ್ಪ ದಿನಕ್ಕೆ ಆ ಗೆರೆಗಳ ಮೇಲೆ ಕಾರುಗಳು ನಿಂತವು. ಅಲ್ಲಿ ಕಲಿತ ಪಾಠ ಸರಳ: ವಾಹನ ಸವಾರನನ್ನು ಬಣ್ಣ ತಡೆಯುವುದಿಲ್ಲ, ಎತ್ತರಿಸಿದ ಕಟ್ಟೆ ತಡೆಯುತ್ತದೆ.

ಹಾಗಾದರೆ ಎಂಥ ಕಟ್ಟೆ? ಕಾರು ತಡೆಯಲು ಬೊಲ್ಲಾರ್ಡ್ ಸಾಕು. ನಮ್ಮ ನಗರಗಳ ದೊಡ್ಡ ತಲೆನೋವು ದ್ವಿಚಕ್ರ ವಾಹನ. ಸೈಕಲ್ಲಿನ ಹ್ಯಾಂಡಲ್ ಎಷ್ಟು ಅಗಲವೋ ಸ್ಕೂಟರಿನದೂ ಹೆಚ್ಚುಕಡಿಮೆ ಅಷ್ಟೇ. ಸೈಕಲ್ ಹೋಗುವ ಸಂದಿಯಲ್ಲಿ ಸ್ಕೂಟರೂ ಹೋಗುತ್ತದೆ. ಸಂದಿಯನ್ನು ಇನ್ನೂ ಕಿರಿದು ಮಾಡಿದರೆ ಹಾಲಿನ ಕ್ಯಾನು ಕಟ್ಟಿದ ಸೈಕಲ್, ಅಂಗವಿಕಲರ ತ್ರಿಚಕ್ರ ಸೈಕಲ್ ಸಿಕ್ಕಿಹಾಕಿಕೊಳ್ಳುತ್ತವೆ. ಆದ್ದರಿಂದ ಸ್ಕೂಟರನ್ನು ಬಾಗಿಲಲ್ಲೇ ತಡೆದುಬಿಡುವ ಮಂತ್ರದಂಡ ಯಾವುದೂ ಇಲ್ಲ. ಮಾಡಬಹುದಾದದ್ದು ಇಷ್ಟು: ಸಂದಿಗಳೇ ಇಲ್ಲದ ಅಖಂಡ ಕರ್ಬ್ ಕಟ್ಟುವುದು, ಪಥಕ್ಕೆ ಇಳಿಯುವ ಬಾಯಿಗಳನ್ನು ಕಡಿಮೆ ಮಾಡುವುದು, ಆ ಬಾಯಿಗಳಲ್ಲಿ ಕ್ಯಾಮೆರಾ ಇಟ್ಟು ದಂಡ ಹಾಕುವುದು. ಮೊದಲ ಕೆಲವು ತಿಂಗಳು ಪೊಲೀಸರು ಬಿಗಿಯಾಗಿದ್ದರೆ ಪಥಕ್ಕೆ ಸೈಕಲ್‌ಗಳು ಬರುತ್ತವೆ. ಪಥದ ತುಂಬ ಸೈಕಲ್‌ಗಳಿದ್ದರೆ ಸ್ಕೂಟರಿಗೆ ನುಗ್ಗಿ ಲಾಭವೂ ಇಲ್ಲ.

ಅಗಲದಲ್ಲಿ ಜಿಪುಣತನ ಕೂಡದು. ಒಂದೂವರೆ ಮೀಟರಿನಲ್ಲಿ ಹಿಂದಿನವರು ಮುಂದಿನವರನ್ನು ದಾಟಲು ತಿಣುಕಬೇಕು. ಎರಡು ಮೀಟರಿದ್ದರೆ ಅವಸರದವರು ನಿಧಾನದವರನ್ನು ದಾಟಿ ಹೋಗಬಹುದು. ಪಕ್ಕದಲ್ಲಿ ಕಾರು ನಿಲ್ಲುವುದಾದರೆ ಬಾಗಿಲು ತೆರೆಯುವಷ್ಟು ಜಾಗವನ್ನು ಬೇರೆಯೇ ಬಿಡಬೇಕು.

ನಮ್ಮ ರಸ್ತೆಯ ಎಡ ಅಂಚಿಗೆ ಇನ್ನೊಂದು ಶಾಪವಿದೆ. ಮಳೆ ನೀರು ಹರಿದು ಸೇರುವುದು ಅಲ್ಲಿಗೇ. ಮಣ್ಣು, ಎಲೆ, ಗಾಜಿನ ಚೂರು ಸೇರುವುದೂ ಅಲ್ಲೇ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಸುತ್ತ ಹೊರವರ್ತುಲ ರಸ್ತೆಯೇ ಮುಳುಗಿತ್ತು. ಸೈಕಲ್ ಪಥವನ್ನು ವಾಹನ ರಸ್ತೆಗಿಂತ ಒಂದು ಹಂತ ಎತ್ತರಿಸಿ, ಫುಟ್‌ಪಾತಿಗಿಂತ ಒಂದು ಹಂತ ತಗ್ಗಿಸಿ ಕಟ್ಟಿದರೆ ನೀರು ನಿಲ್ಲುವುದಿಲ್ಲ, ಪಾದಚಾರಿಗೂ ಸೈಕಲ್ ಸವಾರನಿಗೂ ಜಗಳವಾಗುವುದಿಲ್ಲ. ಚರಂಡಿ ಜಾಲರಿಯ ಸರಳುಗಳು ಪಥಕ್ಕೆ ಅಡ್ಡವಾಗಿರಬೇಕು. ಉದ್ದುದ್ದಕ್ಕೆ ಇದ್ದರೆ ಸೈಕಲ್ ಚಕ್ರವನ್ನು ಹಿಡಿದುಬಿಡುತ್ತವೆ. ಇವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ಸೈಕಲ್ ಸವಾರ ಬೀಳುವುದು ಇಂಥ ಸಣ್ಣ ಸಂಗತಿಗಳಲ್ಲೇ.

ಜಂಕ್ಷನ್ನಿನ ಪರೀಕ್ಷೆ

ನೇರ ರಸ್ತೆಯಲ್ಲಿ ಪಥ ಕಟ್ಟುವುದು ಸುಲಭ. ಬಸ್ ನಿಲ್ದಾಣ, ಆಫೀಸ್ ಪಾರ್ಕುಗಳ ಗೇಟು, ಮೇಲ್ಸೇತುವೆ ಇಳಿಯುವ ಬಾಯಿ, ಜಂಕ್ಷನ್ – ಈ ನಾಲ್ಕು ಕಡೆ ಪಥ ಕಡಿದುಹೋಗುತ್ತದೆ. ಅಪಾಯ ಕಾದಿರುವುದೂ ಅಲ್ಲೇ.

ಪಥ ಬಸ್ ನಿಲ್ದಾಣದ ಮುಂದೆ ಹಾದರೆ, ಪ್ರತಿ ಬಸ್ಸೂ ಸೈಕಲ್ ಸವಾರನನ್ನು ಒತ್ತಿಕೊಂಡು ಬಂದು ನಿಲ್ಲುತ್ತದೆ. ಪಥವನ್ನು ನಿಲ್ದಾಣದ ಹಿಂಬದಿಯಿಂದ ಸುತ್ತಿಸಿ ಒಯ್ದರೆ ಪ್ರಯಾಣಿಕರು ಕಟ್ಟೆಯ ಮೇಲೆ ನಿಂತು ಬಸ್ ಹತ್ತುತ್ತಾರೆ, ಸೈಕಲ್ ಹಿಂದಿನಿಂದ ಸಾಗುತ್ತದೆ. ಕಟ್ಟೆಗೆ ಬರುವವರು ಪಥ ದಾಟುವ ಕಡೆ ಸಣ್ಣ ಉಬ್ಬು, ಪಟ್ಟೆ ಇರಬೇಕು. ಗೇಟುಗಳ ಮುಂದೆ ಪಥ ತಗ್ಗಬಾರದು. ಕಾರೇ ಉಬ್ಬು ಹತ್ತಿ, ನಿಧಾನವಾಗಿ ದಾಟಲಿ.

ಜಂಕ್ಷನ್ನಿನಲ್ಲಿ ನಮ್ಮ ದೊಡ್ಡ ಶತ್ರು ‘ಫ್ರೀ ಲೆಫ್ಟ್’, ಅಂದರೆ ಸಿಗ್ನಲ್‌ಗೆ ಕಾಯದ ಎಡ ತಿರುವು. ನೇರ ಹೋಗುವ ಸೈಕಲ್ಲನ್ನು ಎಡಕ್ಕೆ ತಿರುಗುವ ಬಸ್ಸು, ಲಾರಿ ಅಡ್ಡಗಟ್ಟುತ್ತವೆ. ಎಡಬದಿಯಲ್ಲಿ ಯಾರಿದ್ದಾರೆಂಬುದು ಎತ್ತರದಲ್ಲಿ ಕೂತ ಡ್ರೈವರಿಗೆ ಕಾಣುವುದಿಲ್ಲ. ಡಚ್ಚರು ಇದಕ್ಕೆ ಕಂಡುಕೊಂಡ ಪರಿಹಾರ ಜಂಕ್ಷನ್ನಿನ ಮೂಲೆಯಲ್ಲಿ ಸಣ್ಣ ದ್ವೀಪ ಕಟ್ಟುವುದು. ತಿರುವು ಬಿಗಿಯಾಗುವುದರಿಂದ ವಾಹನ ವೇಗ ಇಳಿಸಲೇಬೇಕು. ಸೈಕಲ್ ದಾಟುವ ಗೆರೆಯನ್ನು ಸುಮಾರು ಒಂದು ಕಾರಿನಷ್ಟು ಒಳಕ್ಕೆ ಸರಿಸಿದರೆ, ತಿರುಗಿದ ಚಾಲಕನಿಗೆ ಸೈಕಲ್ ಎದುರಿಗೇ ಕಾಣುತ್ತದೆ, ನಿಲ್ಲಲು ಜಾಗವೂ ಸಿಗುತ್ತದೆ. ಜೊತೆಗೆ ಸೈಕಲ್ಲಿಗೆ ಕೆಲವು ಸೆಕೆಂಡು ಮೊದಲೇ ಹಸಿರು ದೀಪ ಕೊಡಬಹುದು. ಇದ್ಯಾವುದಕ್ಕೂ ದುಬಾರಿ ತಂತ್ರಜ್ಞಾನ ಬೇಡ. ವಾಹನದ ವೇಗಕ್ಕಿಂತ ಜೀವ ದೊಡ್ಡದೆಂಬ ತೀರ್ಮಾನ ಬೇಕು.

ಸೆವಿಯಾ ಮಾಡಿ ತೋರಿಸಿದ್ದು

‘ನಮ್ಮ ಬಿಸಿಲಿಗೆ ಸೈಕಲ್ ಆಗದು’ ಎನ್ನುವವರು ಸ್ಪೇನಿನ ಸೆವಿಯಾ ನಗರವನ್ನು ನೋಡಬೇಕು. ಅಲ್ಲಿನ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. 2006ಕ್ಕೆ ಮೊದಲು ಅಲ್ಲಿ ಸೈಕಲ್ ಪಾಲು ಶೇ 1ರಷ್ಟೂ ಇರಲಿಲ್ಲ. ನಗರಾಡಳಿತ ತುಂಡು ತುಂಡಾಗಿ ಪಥ ಕಟ್ಟದೆ, ಸುಮಾರು 80 ಕಿ.ಮೀ. ಉದ್ದದ, ಕರ್ಬ್‌ನಿಂದ ಬೇರ್ಪಟ್ಟ, ಒಂದಕ್ಕೊಂದು ಸೇರಿದ ಮೂಲ ಜಾಲವನ್ನು ಒಂದೇ ಉಸಿರಿನಲ್ಲಿ ಕಟ್ಟಿತು. ಅದಕ್ಕಾಗಿ ಸಾವಿರಾರು ಕಾರುಗಳ ಪಾರ್ಕಿಂಗ್ ಜಾಗ ತೆಗೆಯಿತು. 2010ರ ಹೊತ್ತಿಗೆ ಜಾಲ 120 ಕಿ.ಮೀ. ತಲುಪಿತು, ಸೈಕಲ್ ಸವಾರಿ ಹತ್ತು ಪಟ್ಟು ಮೀರಿ ಬೆಳೆಯಿತು. ಪಥಗಳು ಎಲ್ಲೂ ಕಡಿಯದೆ ಮನೆಯಿಂದ ಶಾಲೆಗೆ, ಆಫೀಸಿಗೆ, ಮಾರುಕಟ್ಟೆಗೆ ಮುಟ್ಟಿಸಿದವು. ಗೆಲುವಿನ ಗುಟ್ಟು ಅದೇ.

ಜಾಲವೆಂದರೆ ಎಲ್ಲ ರಸ್ತೆಯಲ್ಲೂ ಕಟ್ಟೆ ಕಟ್ಟಬೇಕೆಂದಲ್ಲ. ಬಡಾವಣೆಯ ಒಳರಸ್ತೆಗಳಲ್ಲಿ ವಾಹನಗಳ ವೇಗವನ್ನು 30 ಕಿ.ಮೀ.ಗೆ ಇಳಿಸಿದರೆ ಪ್ರತ್ಯೇಕ ಪಥವೇ ಬೇಡ. ಹೊರವರ್ತುಲ ರಸ್ತೆಯಂಥ ವೇಗದ, ದಟ್ಟಣೆಯ ಕಡೆ ಮಾತ್ರ ಪ್ರತ್ಯೇಕತೆ ಕಡ್ಡಾಯ. ಇವೆರಡೂ ಕೂಡಿ ಮೆಟ್ರೊ ನಿಲ್ದಾಣದ ಬಾಗಿಲಿಗೆ ಮುಟ್ಟಬೇಕು. ನಿಲ್ದಾಣದಿಂದ ಮೂರು ಕಿ.ಮೀ. ದೂರದ ಮನೆ ಸೈಕಲ್ಲಿಗೆ ಕಾಲು ಗಂಟೆಯ ದಾರಿ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ, ಸೈಕಲ್ ಕೈಗೆಟುಕಿದರೆ ಜನ ತುಳಿಯುತ್ತಾರೆ ಎಂಬುದನ್ನು ನಮ್ಮ ರಾಜ್ಯದಲ್ಲೇ ತೋರಿಸಿದೆ.

ಅಂಗಡಿಯವರ ಅಂಜಿಕೆ

ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಎಂಬ ಅಂಜಿಕೆ ಎಲ್ಲ ಊರಲ್ಲೂ ಇದ್ದದ್ದೇ. ಹೊಟ್ಟೆಪಾಡಿನ ಪ್ರಶ್ನೆಯಾದ್ದರಿಂದ ಅದನ್ನು ಹಗುರವಾಗಿ ಕಾಣಬಾರದು. ನ್ಯೂಯಾರ್ಕ್‌ನ ನೈನ್ತ್ ಅವೆನ್ಯೂದಲ್ಲಿ 2007ರಲ್ಲಿ, ನಿಂತ ಕಾರುಗಳ ಸಾಲನ್ನೇ ಗೋಡೆ ಮಾಡಿಕೊಂಡು ಫುಟ್‌ಪಾತಿನ ಪಕ್ಕ ಸೈಕಲ್ ಪಥ ರೂಪಿಸಿದರು. ಅಲ್ಲಿನ ಸಾರಿಗೆ ಇಲಾಖೆ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪಾದಚಾರಿಗಳೂ ಸೇರಿ ಎಲ್ಲ ಬಳಕೆದಾರರ ಗಾಯದ ಪ್ರಕರಣ ಶೇ 58ರಷ್ಟು ಇಳಿಯಿತು, ಸ್ಥಳೀಯ ಅಂಗಡಿಗಳ ವ್ಯಾಪಾರ ಶೇ 49ರವರೆಗೆ ಏರಿತು. ನ್ಯೂಯಾರ್ಕಿನ ಅಂಕಿ ನಮ್ಮೂರಿಗೆ ಹಾಗೇ ಅನ್ವಯಿಸುವುದಿಲ್ಲ. ಆದರೆ ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ ಎಂಬ ಲೆಕ್ಕ ಎಲ್ಲ ಊರಿಗೂ ಒಂದೇ. ಸಾಮಾನು ಇಳಿಸುವ ಲಾರಿಗೆ, ತಳ್ಳುಗಾಡಿಗೆ, ಆಟೊ ನಿಲ್ದಾಣಕ್ಕೆ ನಕ್ಷೆಯಲ್ಲೇ ಜಾಗ ಗುರುತಿಸಬೇಕು. ಗುರುತಿಸದಿದ್ದರೆ ಅವು ಪಥದ ಮೇಲೇ ನಿಲ್ಲುತ್ತವೆ. ಅದರಲ್ಲಿ ಅವುಗಳನ್ನು ನಡೆಸುವವರ ತಪ್ಪಿಲ್ಲ.

ಕಾಲದಲ್ಲೂ ಕಡಿಯಬಾರದು

ಪಥ ಕಡಿಯುವುದು ಜಾಗದಲ್ಲಿ ಮಾತ್ರವಲ್ಲ. ಇಂದು ಕಟ್ಟಿದ್ದನ್ನು ನಾಳೆ ಜಲಮಂಡಳಿ ಅಗೆಯುತ್ತದೆ, ನಾಡಿದ್ದು ಬೆಸ್ಕಾಂ ಅಗೆಯುತ್ತದೆ. ಪಾಲಿಕೆ, ಬಿಎಂಟಿಸಿ, ಮೆಟ್ರೊ ನಿಗಮ, ಸಂಚಾರ ಪೊಲೀಸ್ – ರಸ್ತೆ ಒಂದೇ, ಒಡೆಯರು ಹಲವರು. ಈ ಹರಕುತನ ನೀಗಲೆಂದೇ ರಾಜ್ಯ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿತು. ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಾಗಿಸುವ ಸಕ್ರಿಯ ಸಂಚಾರ ಮಸೂದೆಯ ಕರಡನ್ನೂ ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿತ್ತು. ಕಾಗದದ ಮೇಲಿನ ಈ ಬಲ ಗುತ್ತಿಗೆಯ ಷರತ್ತಿಗೆ ಇಳಿಯಬೇಕು. ರಸ್ತೆ ಅಗೆದವರು ಸೈಕಲ್ಲಿಗೆ ಬದಲಿ ದಾರಿ ಮಾಡಿಕೊಟ್ಟೇ ಅಗೆಯಬೇಕು. ಪಥ ಗುಡಿಸಲು, ಮುರಿದ ಕರ್ಬ್ ಸರಿಪಡಿಸಲು ಪ್ರತಿ ವರ್ಷದ ಹಣ ಟೆಂಡರಿನಲ್ಲೇ ಇರಬೇಕು.

ನೆದರ್ಲೆಂಡ್ಸ್ ಹುಟ್ಟಿನಿಂದಲೇ ಸೈಕಲ್ ನಾಡು ಎಂದುಕೊಂಡವರಿದ್ದಾರೆ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಂದಿರು ಬೀದಿಗಿಳಿದರು. ಅವರ ಒತ್ತಾಯಕ್ಕೆ ಸರ್ಕಾರ ಬಗ್ಗಿತು, ರಸ್ತೆಗಳು ಬದಲಾದವು.

ಹೊರವರ್ತುಲ ರಸ್ತೆಯ ಸುತ್ತಮುತ್ತ ಇರುವವರಿಗೆ ಅಂಥ ಒತ್ತಾಯದ ಹೊತ್ತು ಇದೇ. ರಸ್ತೆ ಅಗೆದಿರುವಾಗಲೇ ಕರ್ಬ್, ಚರಂಡಿ, ಜಂಕ್ಷನ್ನಿನ ತಿರುವು ಬದಲಿಸಿದರೆ ಹೆಚ್ಚುವರಿ ಖರ್ಚು ಅತ್ಯಲ್ಪ. ಡಾಂಬರು ಬಿದ್ದ ಮೇಲೆ ಅದೇ ಕೆಲಸಕ್ಕೆ ಮತ್ತೆ ಕೋಟಿಗಳು ಬೇಕು, ಮತ್ತೆ ವರ್ಷಗಳು ಬೇಕು. ನಿವಾಸಿ ಸಂಘಗಳು, ಶಾಲೆಗಳು, ಐ.ಟಿ. ಕಂಪನಿಗಳು ನಕ್ಷೆ ತೋರಿಸಿ ಎಂದು ಈಗ ಕೇಳಲಿ. ನಕ್ಷೆ ಕೈಗೆ ಬಂದಾಗ ನೇರ ಗೆರೆಗಳನ್ನು ಬಿಟ್ಟು ಅಗರ, ಇಬ್ಬಲೂರು, ದೇವರಬೀಸನಹಳ್ಳಿ, ಮಾರತಹಳ್ಳಿ ಜಂಕ್ಷನ್ನುಗಳ ಮೇಲೆ ಬೆರಳಿಡಲಿ. ಅಲ್ಲಿ ಪಥ ಮುಂದುವರಿದಿದ್ದರೆ ಸಹಿ ಹಾಕಲಿ. ಕಡಿದಿದ್ದರೆ ನಕ್ಷೆಯನ್ನು ತಿದ್ದಲು ಹಿಂದಿರುಗಿಸಲಿ.