ಹಿಮೇಜಿಯ ಬಿಳಿಯ ಕೋಟೆ

ಕೋಟೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕರಿಯ ಕಲ್ಲಿನ ಗೋಡೆ. ಜಪಾನಿನ ಹಿಮೇಜಿ ಪಟ್ಟಣದಲ್ಲಿ ರೈಲಿನಿಂದಿಳಿದು ಉತ್ತರಕ್ಕೆ ದೃಷ್ಟಿ ಹರಿಯಿಸಿದವನಿಗಾದರೋ, ನೇರವಾದ ಬೀದಿಯ ತುದಿಯಲ್ಲಿ, ಗುಡ್ಡದ ಮೇಲೆ, ಮರದಿಂದ ಕಟ್ಟಿ ಸುಣ್ಣದ ಗಾರೆ ಬಳಿದ ಶುಭ್ರವಾದ ಸೌಧವೊಂದು ಕಾಣುತ್ತದೆ. ಜಪಾನೀಯರು ಇದನ್ನು ಬೆಳ್ಳಕ್ಕಿಯ ಕೋಟೆಯೆಂದು ಕರೆಯುತ್ತಾರೆ. ಗಾರೆಯನ್ನು ಅಂದಕ್ಕಾಗಿ ಮಾತ್ರ ಬಳಿದುದಲ್ಲ; ಮರದ ಕಟ್ಟಡಕ್ಕೆ ಬೆಂಕಿಗಿಂತ ದೊಡ್ಡ ಶತ್ರುವಿಲ್ಲವಷ್ಟೆ.

ಈಗ ಕಾಣುವ ಮುಖ್ಯ ಗೋಪುರವನ್ನು ಕಟ್ಟಿಸಿದವನು ತೊಕುಗಾವ ಇಎಯಾಸುವಿನ ಅಳಿಯನಾದ ಇಕೆದ ತೆರುಮಾಸ. ಕೆಲಸವು ೧೬೦೧ರಲ್ಲಿ ಮೊದಲಾಗಿ ೧೬೦೯ರಲ್ಲಿ ಮುಗಿಯಿತು. ಹೊರಗಿನಿಂದ ಐದು ಅಂತಸ್ತೆಂದು ತೋರುವ ಗೋಪುರದೊಳಗೆ ಆರು ಅಂತಸ್ತುಗಳೂ ಒಂದು ನೆಲಮಾಳಿಗೆಯೂ ಇವೆ. ಮೋಸವು ಇಲ್ಲಿಗೇ ಮುಗಿಯಲಿಲ್ಲ. ಹಿಷಿ ಎಂಬ ಹೆಬ್ಬಾಗಿಲನ್ನು ದಾಟಿದವನಿಗೆ ಗೋಪುರವು ಕೈಗೆಟುಕುವಷ್ಟು ಸಮೀಪದಲ್ಲಿ ಕಾಣುತ್ತದೆ. ದಾರಿಯಾದರೋ ಅವನನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಮುಂದೆ ಹೋದಂತೆ ಬಾಗಿಲುಗಳು ಕಿರಿದಾಗುತ್ತವೆ. ಏರಬೇಕಾದೆಡೆಯಲ್ಲಿ ಇಳಿಜಾರು ಎದುರಾಗುತ್ತದೆ. ಈ ತಿರುವುಗಳ ಉದ್ದಕ್ಕೂ ಗೋಡೆಯಲ್ಲಿ ಬಾಣಕ್ಕೆ ಉದ್ದನೆಯ ಕಂಡಿಗಳೂ, ಬಂದೂಕಿಗೆ ದುಂಡನೆಯ ಮತ್ತು ಮುಮ್ಮೂಲೆಯ ಕಂಡಿಗಳೂ ಇವೆ. ಚೀಟಿ ಕೊಂಡು ಬಂದ ನಾನೂ, ಅವುಗಳ ಎದುರಿಗೆ ನಡೆಯುವಾಗ, ಕಾರಣವಿಲ್ಲದೆ ಹೆಜ್ಜೆಯನ್ನು ಬೇಗ ಹಾಕಿದೆನೆಂದು ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಸಿದ್ಧತೆಯಿದ್ದರೂ ತೆರುಮಾಸನ ಈ ಕೋಟೆಗೆ ಮುತ್ತಿಗೆಯ ಮಹಾಯುದ್ಧವೊಂದೂ ಒದಗಲಿಲ್ಲ. ಅದಕ್ಕೆ ಅಪಾಯ ಬಂದುದೆಲ್ಲ ಬೇರೆ ದಾರಿಗಳಿಂದ. ಮೇಜಿ ಆಳ್ವಿಕೆಯಲ್ಲಿ ಹಳೆಯ ಕೋಟೆಗಳು ಬೇಡವಾದಾಗ ಇದನ್ನು ೨೩ ಯೆನ್ ೫೦ ಸೆನ್‌ಗೆ ಹರಾಜು ಹಾಕಿದರೆಂದೂ, ಕೊಂಡವನು ಕೆಡವುವ ವೆಚ್ಚಕ್ಕೆ ಅಂಜಿ ಕೈಬಿಟ್ಟನೆಂದೂ ಹೇಳುತ್ತಾರೆ. ೧೯೪೫ರ ಜುಲೈ ತಿಂಗಳಲ್ಲಿ ಅಮೆರಿಕದ ವಿಮಾನಗಳು ಊರನ್ನು ಸುಟ್ಟವು. ಗೋಪುರದ ಮೇಲಂತಸ್ತಿಗೂ ಬೆಂಕಿಯ ಬಾಂಬೊಂದು ಬಿದ್ದಿತು, ಅದು ಸಿಡಿಯಲಿಲ್ಲ. ಸುತ್ತಲಿನ ಮನೆಗಳು ಬೂದಿಯಾಗಿದ್ದ ಬೆಳಗ್ಗೆ ಬೆಳ್ಳಕ್ಕಿಯು ಮಾತ್ರ ಹಾಗೆಯೇ ನಿಂತಿತ್ತು. ಇದನ್ನು ಕೇಳಿ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ನಗೋಯದ ಗೋಪುರವು ಅದೇ ವರ್ಷ ಸುಟ್ಟುಹೋಯಿತು. ೧೯೫೯ರಲ್ಲಿ ಅದನ್ನು ಕಾಂಕ್ರೀಟಿನಿಂದ ಎಬ್ಬಿಸಿದರು. ಓಸಾಕದ್ದು ಅದಕ್ಕೂ ಮೊದಲೇ, ೧೯೩೧ರಲ್ಲಿ, ಕಾಂಕ್ರೀಟಾಗಿತ್ತು. ಹಿಮೇಜಿಯಲ್ಲಿ ಉಳಿದಿರುವುದಾದರೋ ಹಳೆಯದೇ ಎಂದು ಹೇಳಹೊರಟರೆ ಒಂದು ತೊಡಕಿದೆ. ನೆಲಮಾಳಿಗೆಯಿಂದ ಮೇಲಿನವರೆಗೆ ಗೋಪುರವನ್ನು ಹೊತ್ತು ನಿಂತಿರುವುದು ಎರಡು ಮಹಾಸ್ತಂಭಗಳು. ೧೯೫೬ರಿಂದ ೧೯೬೪ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಗೋಪುರದ ಮರಗಳನ್ನೆಲ್ಲ ಬಿಚ್ಚಿ, ಕೆಟ್ಟುದನ್ನು ತೆಗೆದು, ಮತ್ತೆ ಜೋಡಿಸಿದರು. ಕೆಳಗೆ ಕಾಂಕ್ರೀಟಿನ ಅಡಿಪಾಯವನ್ನು ಹಾಕಿದರು. ಪೂರ್ವದ ಕಂಬವು ಬುಡ ಬದಲಾಯಿಸಿಕೊಂಡು ಉಳಿಯಿತು, ಪಶ್ಚಿಮದ್ದು ಉಳಿಯಲಿಲ್ಲ. ಅದರ ಸ್ಥಾನಕ್ಕೆ ಒಂದೇ ಮರವನ್ನು ನಿಲ್ಲಿಸಬೇಕೆಂದು ಕಾಡಿನಿಂದ ತರುತ್ತಿರಲು ಆ ಮರವು ಮುರಿಯಿತು. ಕೊನೆಗೆ ಎರಡು ಮರಗಳನ್ನು ಬೆಸೆದು ಕಂಬ ಮಾಡಿದರು. ಹೀಗಿರುವಾಗ ಇದು ತೆರುಮಾಸನ ಕೋಟೆಯೇ? ಹೌದೆಂದೇ ನನ್ನ ಅಭಿಪ್ರಾಯ. ಮರದ ಮನೆಯಲ್ಲಿ ವಾಸಿಸುವವರು ತೊಲೆ ಬದಲಾಯಿಸಿದೊಡನೆ ಮನೆ ಬದಲಾಯಿತೆನ್ನುವುದಿಲ್ಲ. ೨೦೧೫ರಲ್ಲಿ ಮತ್ತೊಂದು ದುರಸ್ತಿ ಮುಗಿದಾಗ ಹೊಸ ಗಾರೆಯ ಬಿಳುಪನ್ನು ಕಂಡು, ಇದು ಅತಿಬಿಳಿಯ ಕೋಟೆಯೆಂದು ಅಲ್ಲಿನವರೇ ಶ್ಲೇಷೆ ಮಾಡಿ ನಕ್ಕರಂತೆ.

ನೋಡಲು ಹೋಗುವವರು ಪಾದರಕ್ಷೆಗಳನ್ನು ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದು ಹತ್ತಬೇಕು. ಮೆಟ್ಟಿಲುಗಳು ಏಣಿಯಷ್ಟು ಕಡಿದು. ತುದಿಯಲ್ಲಿ ಒಂದು ಚಿಕ್ಕ ಗುಡಿಯೂ, ಊರೆಲ್ಲ ಕಾಣುವ ಕಿಟಕಿಗಳೂ ಇವೆ. ಎಲ್ಲರೂ ಅಲ್ಲಿಗೇ ಧಾವಿಸುತ್ತಾರೆ. ನಾನು ಹೆಚ್ಚು ಹೊತ್ತು ಕಳೆದುದು ಕೆಳಗೆ, ಮೂರನೆಯ ಅಂತಸ್ತಿನಲ್ಲಿ. ಪಶ್ಚಿಮದ ಕಂಬದ ಬೆಸುಗೆ ಅಲ್ಲಿದೆ.