ಊರಿಗೆ ಬಂದರೂ ಮನಸ್ಸಿನ ಕಾವಲು ಮುಗಿದಿಲ್ಲವೇ?

ಸೇನೆಯಿಂದ ನಿವೃತ್ತರಾಗಿ ಬಂದವರು ರಾತ್ರಿ ಮತ್ತೆ ಮತ್ತೆ ಎದ್ದು ಬಾಗಿಲ ಚಿಲಕ ನೋಡ್ತಾರಾ? ದೀಪಾವಳಿ ಪಟಾಕಿಗೆ ಬೆಚ್ಚಿಬೀಳ್ತಾರಾ? ಸಣ್ಣ ಮಾತಿಗೂ ರೇಗ್ತಾರಾ? ಸ್ವಭಾವ ಕೆಟ್ಟಿತು ಅಂದುಕೊಳ್ಳಬೇಡಿ.

ಅಪಾಯದ ಜಾಗದಲ್ಲಿ ವರ್ಷಗಟ್ಟಲೆ ಇದ್ದಾಗ ಮಿದುಳು ಸದಾ ಎಚ್ಚರವಾಗಿರೋದನ್ನ ಕಲಿಯುತ್ತೆ. ಗಡಿಯಲ್ಲಿ ಜೀವ ಉಳಿಸಿದ್ದೇ ಆ ಎಚ್ಚರ. ಊರಿಗೆ ಬಂದ ತಕ್ಷಣ ಅದು ತಾನಾಗಿ ಇಳಿಯೋದಿಲ್ಲ. ಕೆಟ್ಟ ಕನಸು, ಕಣ್ಣೆದುರು ಮರಳಿ ಬರೋ ಘಟನೆ, ಜನರಿಂದ ದೂರ ಸರಿಯೋದು ತಿಂಗಳು ಮೀರಿದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯೋ ಮಾನಸಿಕ ತೊಂದರೆ) ಇರಬಹುದು. ಇದಕ್ಕೆ ಚಿಕಿತ್ಸೆ ಇದೆ: ಆಪ್ತಸಮಾಲೋಚನೆ, ಬೇಕಾದರೆ ಮಾತ್ರೆ. ಕುಡಿತ ಮದ್ದಲ್ಲ, ನಿದ್ದೆಯನ್ನ ಇನ್ನಷ್ಟು ಕೆಡಿಸುತ್ತೆ.

ಎಲ್ಲ ಸಂಕಟಕ್ಕೂ ಗುಂಡಿನ ಸದ್ದೇ ಕಾರಣವಲ್ಲ. ಬಹಳಷ್ಟು ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗ್ತಾರೆ. ಸಮವಸ್ತ್ರ, ಜೊತೆಗಾರರು, ದಿನಚರಿ ಎಲ್ಲಾ ಒಟ್ಟಿಗೇ ಹೋಗುತ್ತೆ. ಮಕ್ಕಳ ಓದು, ಹೊಸ ಕೆಲಸದ ಹುಡುಕಾಟ ಎದುರಿಗಿರುತ್ತೆ.

ಒಬ್ಬರೇ ಮನೆ ನಡೆಸಿದ ಹೆಂಡತಿಗೂ, ಅಪ್ಪನನ್ನ ರಜೆಯಲ್ಲಷ್ಟೇ ಕಂಡ ಮಕ್ಕಳಿಗೂ ನೋವಿದೆ. ಅವರೂ ಸಹಾಯ ಕೇಳಬೇಕು.

"ಮಿಲಿಟರಿಯವರಾಗಿ ಹೆದರ್ತೀರಾ?" ಅನ್ನಬೇಡಿ. "ರಾತ್ರಿ ನಿದ್ದೆ ಬರ್ತಿದೆಯಾ?" ಅಂತ ಕೇಳಿ. ಪಕ್ಕದಲ್ಲಿ ಕೂತು 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಉಚಿತ ಸಹಾಯವಾಣಿ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರು ಮತ್ತು ಅವರ ಕುಟುಂಬಗಳಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕವೂ 2023ರಲ್ಲಿ ಶುರುವಾಯಿತು.

ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ. ನಿಮ್ಮೂರಿನ ಮಾಜಿ ಸೈನಿಕರ ಮನೆಗಳಿಗೂ ಕಳಿಸಿ.