ಕೇಳಿಕೊಂಡು ಹೋದವರು ಹೇಳಲು ಬರುವರೇ?

‘ಮನೆಯಲ್ಲಿ ಎಷ್ಟು ಮಂದಿ? ನೀರು ಎಲ್ಲಿಂದ ತರುತ್ತೀರಿ? ಹುಡುಗಿ ಶಾಲೆ ಬಿಟ್ಟದ್ದು ಯಾಕೆ?’

ಪ್ರಶ್ನಾವಳಿ ಹಿಡಿದು ಬಂದ ವಿದ್ಯಾರ್ಥಿಯನ್ನು ಹಳ್ಳಿಯ ಜನ ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು ಉತ್ತರಿಸುತ್ತಾರೆ. ಆತನಿಗೆ ಪದವಿ ಸಿಗುತ್ತದೆ; ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ಉತ್ತರ ಕೊಟ್ಟ ಊರಿಗೆ ಏನು ಸಿಗುತ್ತದೆ?

ಈ ಪ್ರಶ್ನೆ ಹೊಸದಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಅದರಿಂದ ಹುಟ್ಟಿದ ಅವರ ಪ್ರಸಿದ್ಧ ಗ್ರಂಥ ಬಂದದ್ದು 1976ರಲ್ಲಿ, ಇಂಗ್ಲಿಷಿನಲ್ಲಿ. ಅದರಲ್ಲಿ ಊರಿನ ಹೆಸರು ‘ರಾಂಪುರ’. ಜನರ ಗುಟ್ಟು ಕಾಯುವುದು ಸಂಶೋಧಕನ ಧರ್ಮ, ನಿಜ. ತಿಳಿದದ್ದನ್ನು ಅವರ ಮಾತಿನಲ್ಲೇ ಅವರಿಗೆ ಮುಟ್ಟಿಸುವುದೂ ಅಷ್ಟೇ ದೊಡ್ಡ ಧರ್ಮ.

ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಭಾಗವೇ ಸಾಕ್ಷಿ. ಕುಲಪತಿಯಾಗಿದ್ದ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 2002ರಲ್ಲಿ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. ಜನರ ಅಳಲು ಅಂಕಿಯಾಯಿತು, ಹೋರಾಟಗಾರರ ಕೈಗೆ ಆಧಾರವಾಯಿತು. 2013ರಲ್ಲಿ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದು, ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳ ಮೀಸಲಾತಿ ದೊರೆಯಿತು. ಮಕ್ಕಳ ಪ್ರವೇಶಕ್ಕೆಂದು ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆದ ತಂದೆತಾಯಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆದರೆ ತಾಲ್ಲೂಕಿನ ಅಂಕಿ ಊರಿನ ಓಣಿಯನ್ನು ತೋರಿಸದು. ರಾಯಚೂರು, ದೇವದುರ್ಗ, ಮಾನ್ವಿಗಳ ನಡುವಿನ ಕಲ್ಲೂರಿನಂಥ ಊರಲ್ಲಿ ಯಾವ ಓಣಿಯ ಮಕ್ಕಳು ಶಾಲೆ ಬಿಡುತ್ತಿದ್ದಾರೆ, ಯಾರ ಮನೆ ದುಡಿಮೆಗೆಂದು ಗುಳೆ ಹೋಗಿ ಬೀಗ ಬಿದ್ದಿದೆ ಎಂಬುದನ್ನು ಹತ್ತಿರದಿಂದ ಕೇಳಿಯೇ ತಿಳಿಯಬೇಕು. ರಾಯಚೂರಿನಲ್ಲೇ ಈಗ ವಿಶ್ವವಿದ್ಯಾಲಯವಿದೆ. ಸಮುದಾಯದ ಜೊತೆಗೂಡಿ ಕಲಿಯಿರೆಂದು ಯುಜಿಸಿ 2020ರಲ್ಲಿ ಮಾರ್ಗಸೂಚಿಯನ್ನೂ ಕೊಟ್ಟಿದೆ.

ವಿದ್ಯಾರ್ಥಿ ಮಾಡಬೇಕಾದದ್ದು ನಾಲ್ಕೇ ಕೆಲಸ. ಯಾತಕ್ಕೆ ಕೇಳುತ್ತಿದ್ದೇನೆಂದು ಮೊದಲೇ ಹೇಳುವುದು. ಪ್ರಬಂಧ ಒಪ್ಪಿಸುವ ಮುನ್ನ ಯಾರ ಹೆಸರನ್ನೂ ಎತ್ತದೆ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದುವುದು. ‘ಇದು ತಪ್ಪು ತಮ್ಮಾ’ ಎಂದರೆ ತಿದ್ದಿಕೊಳ್ಳುವುದು. ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶವನ್ನು ಪಂಚಾಯಿತಿಯಲ್ಲಿ ಬಿಟ್ಟು ಬರುವುದು. ಮುಂದೆ ಅರ್ಜಿ ಬರೆಯುವಾಗ ಊರಿನವರಿಗೆ ಆ ಪುಟಗಳೇ ಆಧಾರ.

ಮಗ ಅಥವಾ ಮಗಳು ಸಮೀಕ್ಷೆ ಮುಗಿಸಿ ಮನೆಗೆ ಬಂದಾಗ ಪಾಲಕರು ‘ಅಂಕ ಎಷ್ಟು ಬಂತು?’ ಎಂದು ಕೇಳಲಿ. ಜೊತೆಗೇ ಇನ್ನೊಂದು ಮಾತನ್ನೂ ಕೇಳಲಿ: ‘ಆ ಊರಿಗೆ ಏನು ಹೇಳಿ ಬಂದೆ?’